ನಲವತ್ತು ಎಣಿಸುವಷ್ಟರಲ್ಲಿ

ಪಾದದ ನಡುಭಾಗ ಮೊದಲು ಹೋಯಿತು, ಆಮೇಲೆ ಕಿರುಬೆರಳು, ಅದರ ಪಕ್ಕದ್ದು, ಅದರ ಪಕ್ಕದ್ದು, ಸಿನಿಮಾ ಮುಗಿದ ಮೇಲೆ ಜನ ಟಾಕೀಸಿನಿಂದ ಒಬ್ಬೊಬ್ಬರಾಗಿ ಎದ್ದು ಹೋಗುವ ಹಾಗೆ, ಆಮೇಲೆ ಹಿಮ್ಮಡಿ ಅಂಚಿನಿಂದ ಒಳಗೊಳಗೆ ಕುಗ್ಗಿ ಕುಂಕುಮದ ಬೊಟ್ಟಿನಷ್ಟಾಗಿ ಇಲ್ಲವಾಯಿತು, ಕೊನೆಗೆ ಉಳಿದದ್ದು ಹೆಬ್ಬೆರಳು ಒಂದೇ, ಕಪ್ಪಗೆ, ಹಟಮಾರಿ — ಮೂವತ್ತೆಂಟು, ಮೂವತ್ತೊಂಬತ್ತು — ಅದೂ ಹೋಯಿತು, ಕಲ್ಲು ಮತ್ತೆ ಬರೀ ಕಲ್ಲು. ಅದು ದ್ರೌಪದಿಯ ಹೆಜ್ಜೆ. ಚಿತ್ತಾಪುರದ ಈ ಕೋರ್ಟಿಗೆ ಬರುವ ಹಳ್ಳಿ ಮಂದಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಾರೆ, ಬಿಡಿ ಅಂತ ಯಾರೂ ಹೇಳಿಲ್ಲ, ಯಾವ ಕಾಯ್ದೆಯಲ್ಲೂ ಬರೆದಿಲ್ಲ, ಪ್ರಮಾಣ ಮಾಡುವ ಜಾಗಕ್ಕೆ ಮೆಟ್ಟಿಕೊಂಡು ಹೋಗುವುದು ಹೇಗೆ ಅನ್ನುವ ಸಂಕೋಚ ಅಷ್ಟೆ, ಏಪ್ರಿಲ್ ಬಿಸಿಲು ಬಾಗಿಲಿನಿಂದ ಒಳಗೆ ಬಂದು ಹಾಸುಗಲ್ಲಿನ ಮೇಲೆ ಮಾರುದ್ದ ಪಟ್ಟಿ ಹೊಡೆದು ಕೂತಿರುತ್ತದೆ, ಬರಿಗಾಲು ಸುಟ್ಟೀತು ಅಂತ ಜವಾನ ಬಂದೇಅಲಿ ತಾಸಿಗೊಮ್ಮೆ ಹೊಸ್ತಿಲಿಗೆ ಒಂದು ಚೊಂಬು ನೀರು ಚೆಲ್ಲುತ್ತಾನೆ, ಆ ನೀರು ತುಳಿದುಕೊಂಡೇ ದ್ರೌಪದಿ ಆರೋಪಿಯ ಕಟಕಟೆಗೆ ಹೋಗಿ ನಿಂತಿದ್ದಾಳೆ, ಸೆರಗು ಹೊದ್ದು, ಎರಡೂ ಕೈ ಕಟ್ಟಿಕೊಂಡು, ಒಂಬತ್ತು ವರ್ಷ ಕಲ್ಲು ತೊಳೆದ ಕೈ, ಉಗುರಿನ ಬುಡದಲ್ಲಿ ಇನ್ನೂ ಬಿಳಿ. ದಿಲೀಪ ತನ್ನ ಕರಿ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡ. ಸನ್ನದು ಸಿಕ್ಕು ಹನ್ನೊಂದು ತಿಂಗಳು, ಇವತ್ತು ಮೊದಲ ಪಾಟಿ ಸವಾಲು, ಸಾಕ್ಷಿಯನ್ನು ಪ್ರಶ್ನೆ ಕೇಳಿ ಕೆಡವುವ ಕೆಲಸ, ಅವನೊಬ್ಬನದೇ, ಸಿನಿಮಾದಲ್ಲಾದರೆ ಈಗ ಕ್ಯಾಮೆರಾ ಬೂಟಿನಿಂದ ಶುರುವಾಗಿ ಮೇಲೆ ಏರಬೇಕು, ಹಿಂದೆ ಡೋಲು ಬಡಿಯಬೇಕು, ಗೌನು ಗಾಳಿಗೆ ಹಾರಬೇಕು, ಇಲ್ಲಿ ಫ್ಯಾನು ತಿರುಗುವ ರೀತಿಗೆ ನೊಣ ಕೂಡ ಅದರ ಮೇಲೆ ಆರಾಮಾಗಿ ಕೂತಿದೆ.

ಹೆಬ್ಬೆರಳು ಕೊನೆಗೆ ಹೋಗುವುದು ಅವನಿಗೆ ಗೊತ್ತು, ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ, ಶಹಾಬಾದಿನ ಓಣಿಯಲ್ಲಿ, ಒಂಬತ್ತು ವರ್ಷದವನಿದ್ದಾಗ, ಪಕ್ಕದ ಮನೆಯ ಮುಸರತ ಆಪಾನ ಅಂಗಳದಲ್ಲಿ. ಕಾಗಿಣಾ ಹೊಳೆಯಿಂದ ಅವ್ವ ಅಂಬುಬಾಯಿ ತಂದಿಟ್ಟ ಕೊಡದಲ್ಲಿ ಎರಡೂ ಕಾಲು ಅದ್ದಿಕೊಂಡು — ಹಾಟ್ಯಾ, ಕುಡಿಯೋ ನೀರಾಗ ಕಾಲ್ ಇಡ್ತಿ — ಆಪಾನ ಬಾಗಿಲವರೆಗೆ ಹೆಜ್ಜೆ ಹಾಕಿ ಅಲ್ಲಿಂದ ಪಕ್ಕದ ಗೋಡೆಗೆ ಹಾರಿಬಿಡುವುದು, ಒಳಗೆ ಹೋದ ಹೆಜ್ಜೆ ಉಂಟು, ಹೊರಗೆ ಬಂದದ್ದಿಲ್ಲ, ಆಮೇಲೆ ಗೋಡೆಯ ಮೇಲಿನಿಂದ ಗಂಟಲು ಬದಲಿಸಿ, ಆಪಾ, ನಿಮ್ಮ ಮನಿಯಾಗ ಯಾರೋ ಹೊಕ್ಕರ್ರೀ! ಆಪಾ ಬಂದು ಹೆಜ್ಜೆ ನೋಡಿ ಯಾ ಅಲ್ಲಾ ಅಂತ ಎದೆ ಹಿಡಿದುಕೊಂಡರೆ ಅದು ಹಿಟ್, ಬರುವಷ್ಟರಲ್ಲಿ ಹೆಜ್ಜೆ ಆರಿದ್ದರೆ ಫ್ಲಾಪ್, ಮೇಲೆ ಕಸಬರಿಗೆ ಏಟು ಬೇರೆ. ಅದಕ್ಕೇ ಎಣಿಸುವುದು ಕಲಿತ. ಶ್ರಾವಣದಲ್ಲಿ ಹೆಜ್ಜೆ ಒಂದು ತಾಸು ನಿಂತೀತು, ದೀಪಾವಳಿ ಹೊತ್ತಿಗೆ ಮುನ್ನೂರು, ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ಕಾದ ಶಹಾಬಾದ್ ಕಲ್ಲಿನ ಮೇಲೆ ನಲವತ್ತು, ಬಹಳ ಅಂದರೆ ನಲವತ್ತೈದು, ಹೀರೋ ಆದರೂ ವಿಲನ್ ಆದರೂ ಅಷ್ಟೇ. ಸನ್ನದು ಬಂದ ದಿನ ಆಪಾ ಅವನ ಕೋಟಿನ ತೋಳು ಮುಟ್ಟಿ ನೋಡಿ ಅಂದದ್ದು, ಯಾ ಪುಣ್ಯಾತ್ಮ ನಿನ್ನ ಕಿತಾಪತಿಗಿ ಕರಿ ಕೋಟ್ ಹೊಲಸಿ ಲೈಸೆನ್ಸ್ ಕೊಟ್ಟಾನೋ ದಿಲ್ಯಾ, ಅಪ್ಪ ಕಾಶಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಆರಿಸಿ ಮತ್ತೆ ಹಚ್ಚಿದ, ಅಪ್ಪನ ಹೆಮ್ಮೆ ಹಾಗೇ, ಅದು ಬೀಡಿಯಲ್ಲೇ ಸುಡುತ್ತದೆ. ಅಪ್ಪ ಮೂವತ್ತೊಂದು ವರ್ಷ ಕಲ್ಲು ಪಾಲಿಶ್ ಮಾಡಿದವನು, ಎಲ್ಲಿ ಹೋದರೂ ನೆಲ ನೋಡಿ ಇದು ನಂದು ಅನ್ನುತ್ತಾನೆ, ವಾಡಿ ಸ್ಟೇಷನ್ನಿನ ಫಲಾಟು ನಂದು, ಸೇಡಂ ತಹಸೀಲು ಆಫೀಸು ನಂದು, ಚಿಂಚೋಳಿ ದವಾಖಾನಿ ಅರ್ಧ ನಂದು, ಈ ಕೋರ್ಟಿಗೂ ಒಮ್ಮೆ ಬಂದಿದ್ದ, ಮಗ ಹೇಗಿದ್ದಾನೆ ನೋಡುವುದಕ್ಕೆ ಅಂತ ಬಂದವನು ಮಗನನ್ನು ಬಿಟ್ಟು ನೆಲ ನೋಡಿ, ಬಗ್ಗಿ ಕೈಯಾಡಿಸಿ, ನಂದs ಇದು, ಈ ಮೂಲಿ ಕಲ್ಲಿಗಿ ನಾನs ಕೈ ಹಚ್ಚೀನಿ, ಅಂದ, ಬಂದೇಅಲಿ ನಕ್ಕು, ಕಾಕಾ, ಮತ್ತs ನಾ ದಿನಾ ನಿಮ್ಮ ಮನಿ ಕಸಾನೇ ಹೊಡಿಲಿಕತ್ತೀನಿ ಅನ್ರಿ.

ಸಂಗಮೇಶ್ವರ ಸಾಕ್ಷಿ ಕಟಕಟೆ ಹತ್ತಿದ. ದ್ರೌಪದಿ ಇದ್ದ ಪಾಲಿಶ್ ಕಾರ್ಖಾನೆಯ ಸೂಪರ್‌ವೈಸರ್, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಅವನೂ ಬೂಟು ಹೊರಗೇ ಬಿಟ್ಟು ಬಂದಿದ್ದಾನೆ, ಸರಕಾರಿ ವಕೀಲರಿಗೆ ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದ, ಹೋದ ವರ್ಷ ಏಪ್ರಿಲ್ ಹದಿನಾರು, ಊಟದ ಬಿಡುವಿನಲ್ಲಿ ಸ್ಟೋರಿನಿಂದ ತಾಮ್ರದ ತಂತಿ ಕಳುವಾಯಿತು, ನಾನು ಬಂದು ನೋಡಿದಾಗ ಸ್ಟೋರಿನ ಬಾಗಿಲಿನಿಂದ ಕಂಪೌಂಡಿನವರೆಗೆ ಹಸಿ ಹೆಜ್ಜೆ ಇದ್ದವು, ಸಣ್ಣವು, ಹೆಂಗಸಿನವು, ಆ ಹೊತ್ತಿನಲ್ಲಿ ಒಳಗೆ ಇದ್ದವಳು ಇವಳೊಬ್ಬಳೇ. ಬೇರೆ ಏನೂ ಇಲ್ಲ, ತಂತಿ ಸಿಕ್ಕಿಲ್ಲ, ಕಂಡವರಿಲ್ಲ, ಇಡೀ ಕೇಸು ಆ ಹೆಜ್ಜೆಗಳ ಮೇಲೆ ನಿಂತಿದೆ. ಆ ಕಳುವಿಗೆ ತಿಂಗಳ ಹಿಂದಷ್ಟೇ ದ್ರೌಪದಿ ಹದಿನಾಲ್ಕು ಜನ ಹೆಂಗಸರ ಹೆಬ್ಬೆಟ್ಟು ಹಾಕಿಸಿ ಕೈಗೆ ಗ್ಲೌಸು ಕೊಡಿ ಅಂತ ಅರ್ಜಿ ಕೊಟ್ಟಿದ್ದಳು, ಅದು ಈ ಫೈಲಿನಲ್ಲಿ ಇಲ್ಲ. ವರ್ಷದಿಂದ ಯಾವ ಕಾರ್ಖಾನೆಯೂ ಅವಳನ್ನು ಒಳಗೆ ಬಿಟ್ಟಿಲ್ಲ, ದಿಲೀಪನ ಸೀನಿಯರ್ ಸಾಹೇಬರ ಆಫೀಸಿಗೆ ಮೊದಲ ಸಲ ಬಂದಾಗ ಅವಳು ಅಂದದ್ದು, ಜೈಲಿಗಿ ಹೋಗ್ಲಿಕ್ಕ ಅಂಜಿಕಿಲ್ರಿ ವಕೀಲ್ರ, ನನ ಮಗಳಿಗಿ ಸಾಲ್ಯಾಗ ಕಳ್ಳಿ ಮಗಳು ಅಂತಾರ, ಅಷ್ಟ ತಗದ ಬಿಡ್ರಿ. ಅಷ್ಟೇ ತೆಗೆದುಬಿಡಿ. ಎಂಥಾ ಡೈಲಾಗು, ಬರೆಯುವವನು ಹತ್ತು ದಿನ ಕೂತರೂ ಬರಲಿಕ್ಕಿಲ್ಲ, ಆದರೆ ದಿಲೀಪನಿಗೆ ಆಗ ಚಪ್ಪಾಳೆ ಹೊಡೆಯಬೇಕು ಅನಿಸಲಿಲ್ಲ, ಆ ಮಾತನ್ನು ಫೈಲಿನ ಹಿಂಬದಿಗೆ ಹಾಗೇ ಬರೆದುಕೊಂಡ.

ಡಿಫೆನ್ಸ್, ಅಂತ ಜಡ್ಜ್ ಮೇಡಂ ಕರೆದರು. ಪಕ್ಕದಲ್ಲಿ ಶೌಕತ ಅಲಿ ಸಾಹೇಬರು ಕಣ್ಣು ಮುಚ್ಚಿ ಕೂತಿದ್ದಾರೆ, ಅವನ ಸೀನಿಯರು, ನಲವತ್ನಾಲ್ಕು ವರ್ಷದ ಪ್ರಾಕ್ಟೀಸು, ವಾಡಿಯಿಂದ ದಿನಾ ರೈಲಿಗೆ ಬರುವವರು, ಕೋಟಿನ ಕಪ್ಪು ತೊಳೆದು ತೊಳೆದು ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ದಿಲೀಪ ಫೈಲು ಹಿಡಿದು ಎದ್ದ. ನಿನ್ನೆ ಸಂಜೆ ನಾಲ್ಕಕ್ಕೆ ಸಾಹೇಬರು ಫೈಲು ಕಟ್ಟಿ ಅವನ ಮುಂದೆ ತಳ್ಳಿ, ಈ ಸಾಕ್ಷಿ ನಿಂದು, ಅಂದದ್ದು ಅಷ್ಟೇ, ಅವನು ಕುಣಿದಾಡಿ ತನ್ನ ಪ್ಲ್ಯಾನು ಹೇಳಿದ್ದ, ಸರ್, ನಾಳೆ ನಾ ಕೋರ್ಟಿನಾಗs ಒಂದು ಜಗ್ ನೀರ್ ಚೆಲ್ಲಿ, ಬರಿಗಾಲೀಲೆ ನಡದು ತೋರಸ್ತೀನ್ರಿ, ಗಡಿಯಾರ ಹಿಡಕೊಂಡು, ಎಲ್ಲಾರೂ ನೋಡ್ಲಿಕತ್ತಾಗ ಹೆಜ್ಜಿ ಆರ್ತದ, ಅವಾಗ ಒಂದ್ ಡೈಲಾಗ್ ಒಗಿತೀನಿ — ಈ ಮನುಷ್ಯ ಸುಳ್ಳು ಹೇಳಬಹುದು ಮೇಡಂ, ಆದರೆ ಶಹಾಬಾದಿನ ಕಲ್ಲು ಸುಳ್ಳು ಹೇಳುವುದಿಲ್ಲ! ಸಾಹೇಬರು ಚಾ ಬಶಿ ಕೆಳಗಿಟ್ಟರು. ಟಿಕೆಟ್ ಎಷ್ಟು ಇಟ್ಟೀದಿ? ಏನ್ರಿ ಸರ್? ಅಲ್ಲ ಬೇಟಾ, ನಾಟಕದ್ದು. ಆಮೇಲೆ ಮೆಲ್ಲಗೆ, ಕೇಳು, ಸಾಕ್ಷಿ ಒಂದು ಮನಿ ಇದ್ದಂಗ, ಒಂದೊಂದs ಕಿಟಕಿ ಮುಚ್ಚಕೋತ ಹೋಗು, ಎಲ್ಲಾ ಮುಚ್ಚಿದ ಮ್ಯಾಲ ಕತ್ತಲಾಗ್ಯದ ಕತ್ತಲಾಗ್ಯದ ಅಂತ ನೀ ಒದರಬ್ಯಾಡ, ಜಡ್ಜಿಗಿ ಕಣ್ಣ ಅವ, ನೀ ಒದರಿದಿ ಅಂದ್ರ ಸಾಕ್ಷಿ ಹೇಳಾಂವ ಓಡಿ ಬಂದು ಒಂದು ಕಿಟಕಿ ತಗೀತಾನ. ಇಡೀ ಹಿಂದೂಸ್ತಾನದ ಗಾಡಿ ನಮ್ಮ ವಾಡಿಗಿ ಬಂದು ನಿಂದರ್ತಾವ, ಓಡೂದು ಎಲ್ಲಾ ಗಾಡಿಗೂ ಬರ್ತದ, ಡ್ರೈವರನ ಕಿಮ್ಮತ್ತು ಗೊತ್ತಾಗೂದು ನಿಂದರಸೂದ್ರಾಗ. ಹೇಳಿ ಅಂಗೈ ಕೆಳಗೆ ಮಾಡಿ ಗಾಳಿಯನ್ನು ಮೆಲ್ಲಗೆ ಒತ್ತಿದರು, ಕುಂದ್ರು ಅನ್ನುವ ಹಾಗೆ. ಒಂದು ಪೂರಾ ಬ್ಲಾಕ್‌ಬಸ್ಟರು ಇಂಟರ್ವಲ್ಲಿಗೆ ಮುಂಚೆಯೇ ಡಬ್ಬಕ್ಕೆ ಹೋಯಿತು.

ಸಂಗಮೇಶ್ವರ ಅವರೇ, ಅಂದ ದಿಲೀಪ, ದನಿ ತನ್ನದೇ ಹೌದು, ಅಂದುಕೊಂಡದ್ದಕ್ಕಿಂತ ಚೂರು ಸಣ್ಣದು, ಆ ದಿವಸ ಊಟದ ಬಿಡುವಿನಾಗ ನೀವು ಎಲ್ಲಿದ್ರಿ? ವಾಡ್ಯಾಗ, ಮಾಲ್ ಲೋಡ್ ಮಾಡಸ್ಲಿಕ್ಕ ಹೋಗಿದ್ದೆ. ಮುಂದಿನದು ನಾಲಿಗೆಯ ತುದಿಗೆ ಬಂತು, ತಡೆ, ಬೆರಳು ನೋಡು. ಚಂದಾಪುರದ ಸೂಗಪ್ಪ ಮಾಮಾ ಹೇಳಿದ್ದು, ಚಿಂಚೋಳಿ ಕೋರ್ಟಿನಲ್ಲಿ ಬೆಂಚ್ ಕ್ಲರ್ಕಾಗಿ ರಿಟೈರಾದವರು, ಅವರ ಸಲಹೆ ಎಲ್ಲ ಕೇಳಿದರೆ ಹಾಳಾಗಿ ಹೋಗಬೇಕು, ಕೋಟು ಹೊಸದು ಹೊಲಿಸಬ್ಯಾಡ, ಯಾರದರ ಹಳೇದು ಇಸಕೊ, ಹೊಸ ಕೋಟ್ ನೋಡಿದ್ರ ಕಕ್ಷಿದಾರ ಓಡ್ತಾನ, ಹಾಗೆ ಇಸಿದುಕೊಂಡ ಕೋಟಿನ ತೋಳು ಈಗ ಇವನ ಬೆರಳು ದಾಟಿ ಇಳಿದಿದೆ, ದೊಡ್ಡಣ್ಣನ ಅಂಗಿ ಹಾಕಿದ ಕೂಸಿನ ಹಾಗೆ, ಆದರೆ ಇದೊಂದು ಮಾತು ಬಂಗಾರ — ಸಾಕ್ಷಿ ಮುಖ ನೋಡಬ್ಯಾಡೋ, ಟೈಪ್ ಮಾಡೋ ಬೆರಳು ನೋಡು, ಬೆರಳು ನಿಂತ ಮ್ಯಾಲs ಮುಂದಿನ ಸವಾಲು, ಟೈಪ್ ಆಗಲಾರದ್ದು ಗಾಳಿಗಿ ಹೋತು. ಟೈಪಿಸ್ಟನ ಬೆರಳು ನಿಂತಿತು. ಕಳುವಾದ ಸುದ್ದಿ ಫೋನಿನಾಗ ಬಂದ ಮ್ಯಾಲ ವಾಡಿಯಿಂದ ಕಾರ್ಖಾನಿಗಿ ಬರ್ಲಿಕ್ಕ ಎಷ್ಟು ಹೊತ್ತಾತು? ಮೋಟರ್‌ಸೈಕಲ್ ಮ್ಯಾಲ ಅರ್ಧ ತಾಸ್ರಿ. ಬೆರಳು. ನಡಕ ಎಲ್ಲ್ಯಾರ ನಿಂತ್ರಿ? ಇಲ್ರಿ, ಸೀದಾ ಬಂದೆ. ಬಂದ ಕೂಡ್ಲೆ ಹೆಜ್ಜಿ ನೋಡಿದ್ರಿ? ಬಂದ ಕೂಡ್ಲೆ. ಬೆರಳು, ಬೆರಳು, ಎಷ್ಟು ನಿಧಾನ ಇವನು, ಸಾಹೇಬರ ಕಣ್ಣು ಇನ್ನೂ ಮುಚ್ಚಿಯೇ ಇದೆ, ನಿದ್ದೆಯೋ ಏನೋ, ಇಲ್ಲ, ಬಲಗೈ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿದೆ, ತಸಬಿಯ ಮಣಿ ಎಣಿಸುವ ಹಾಗೆ. ಅಂದರೆ ಎಣಿಸುತ್ತಿದ್ದಾರೆ. ಒಂದು ಕಿಟಕಿ ಆಯಿತು.

ಆ ಅಂಗಳಕ್ಕ ಏನು ಹಾಸ್ಯದ? ಶಹಾಬಾದ್ ಕಲ್ಲು, ಮತ್ತೇನ್ ಹಾಸ್ತಾರ್ರಿ ನಮ್ಮಲ್ಲಿ, ಸಂಗಮೇಶ್ವರ ನಕ್ಕ, ಜಡ್ಜ್ ಮೇಡಂ ನಗಲಿಲ್ಲ. ಮ್ಯಾಲ ನೆರಳು, ತಗಡು, ಗಿಡ? ಏನೂ ಇಲ್ರಿ, ಬಟಾಬಯಲು. ಈ ಪ್ರಶ್ನೆ ಸೇಡಂದು. ಸೇಡಂನ ಶರಣಬಸಮ್ಮ ಮೇಡಂ, ಓದುವಾಗ ಎರಡು ತಿಂಗಳು ಅವರ ಹತ್ತಿರ ಇದ್ದ, ಬಂದ ಮೊದಲ ದಿನ ಎ.ಸಿ. ರೂಮಿನಲ್ಲಿ ಕೂತು ಫೈಲು ಓದುತ್ತೇನೆ ಅಂದವನನ್ನು ಎಬ್ಬಿಸಿ ಆಡಕಿ ಬಸ್ಸು ಹತ್ತಿಸಿದ್ದರು, ಹೊಲದ ಬದುವಿನ ಕೇಸು, ಹೋಗು, ನಡದು ನೋಡಿ ಬಾ, ಅಲ್ರಿ ಮೇಡಂ, ನಕ್ಷಾ ಫೈಲಿನಾಗs ಅದಲ್ರಿ, ಅದ ಖರೆ, ಫೈಲಿನಾಗ ಬಿಸಿಲು ಇರಂಗಿಲ್ಲ ತಮ್ಮಾ. ಸಂಜೆ ಮುಖ ಕೆಂಪಗೆ ಮಾಡಿಕೊಂಡು ವಾಪಸು ಬಂದವನಿಗೆ ಮಜ್ಜಿಗೆ ಕೊಟ್ಟು, ಏನ್ ನೋಡಿದಿ ಹೇಳು ಅಂದರೆ, ಅವನು ನಾಯಿ ಬೆನ್ನಟ್ಟಿದ್ದನ್ನು ಆ್ಯಕ್ಷನ್ ಸೀನಿನ ಹಾಗೆ ಹೇಳಿದ, ಅವರು ಪೂರಾ ಕೇಳಿ, ನಾಯಿ ಯಾರ ಹೊಲದಾಗ ಇತ್ತು, ಅಂದರು, ಅದನ್ನು ನೋಡಿ ಬರಲು ಇವನು ಮತ್ತೆ ಅದೇ ಬಸ್ಸು ಹತ್ತಬೇಕಾಯಿತು. ಅದಕ್ಕೇ ಹೋದ ವಾರ, ಈ ಕೇಸಿಗೆ ತಾರೀಖು ಬಿದ್ದ ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ ಕಾರ್ಖಾನೆಯ ಮುಂದೆ ನಿಂತಿದ್ದ, ಒಳಗೆ ಬಿಡಲಿಲ್ಲ, ಹೊರಗೆ ದಾರಿಯ ಮೇಲೆ ಒಡೆದ ಹಾಸುಗಲ್ಲು ಚೆಲ್ಲಿದ್ದರು, ಬಾಟಲಿ ನೀರು ಕಾಲಿಗೆ ಸುರಿದುಕೊಂಡು ಅದರ ಮೇಲೆ ನಿಂತ, ಕರಿ ಕೋಟು, ಬಿಳಿ ಬ್ಯಾಂಡು, ಬರಿಗಾಲು, ದಾರಿಯಲ್ಲಿ ಹೋಗುತ್ತಿದ್ದ ಲಾರಿಯವನು, ಯಾಕ್ರಿ ವಕೀಲಸಾಬ್, ಬೂಟು ಗಿರವಿ ಇಟ್ರೇನು, ಅಂತ ಕೂಗಿ ಹೋದ, ಅಂಗಾಲು ಸುಡುತ್ತಿತ್ತು, ಮೂವತ್ತಾರು, ಮೂವತ್ತೇಳು, ಹೆಬ್ಬೆರಳು ಕೊನೆಗೆ, ಇಪ್ಪತ್ತು ವರ್ಷವಾದರೂ ಕಲ್ಲು ತನ್ನ ಲೆಕ್ಕ ಬದಲಿಸಿಲ್ಲ, ಅಲ್ಲೇ ನಡುರಸ್ತೆಯಲ್ಲಿ ಒಬ್ಬನೇ ನಕ್ಕಿದ್ದ, ಮುಸರತ ಆಪಾ, ನಿಮ್ಮ ಕಸಬರಿಗೆಯ ಏಟೂ ವ್ಯರ್ಥ ಆಗಲಿಲ್ಲ.

ಇನ್ನು ಎರಡು ಕಿಟಕಿ. ಹೆಜ್ಜಿ ಕೆಸರಿಂದೋ, ನೀರಿಂದೋ? ಪಾಲಿಶ್ ಮಾಡುವಾಗ ಹರಿಯುವ ಬಿಳಿ ಕೆಸರಾದರೆ ಆರಿದ ಮೇಲೂ ಗುರುತು ಉಳಿಯುತ್ತದೆ, ಅಪ್ಪನ ಕಾಲಿನ ಬಿಳಿ ಹೆಜ್ಜೆ ಮನೆ ತುಂಬಾ ಇರುತ್ತಿತ್ತು, ಅವ್ವ ಬೈದುಕೊಂಡು ಒರೆಸುತ್ತಿದ್ದಳು, ಇದೊಂದೇ ಕಿಟಕಿ ದೊಡ್ಡದು, ಇವನು ಈಗ ಕೆಸರು ಅಂದುಬಿಟ್ಟರೆ ಮುಗಿಯಿತು, ಉಸಿರು ಕಟ್ಟಿ ನೋಡಿದ, ಟೈಪಿಸ್ಟನ ಬೆರಳನ್ನಲ್ಲ, ಮಾಮಾ ಕ್ಷಮಿಸಲಿ, ಸಂಗಮೇಶ್ವರನ ಬಾಯಿಯನ್ನೇ. ನೀರ್ರಿ. ಸ್ವಚ್ಛ ನೀರು. ಕುಡಿಯೋ ನೀರಿನ ಹೌದಿನಾಗ ಕಾಲ್ ತೊಳಕೊಂಡು ಹೋಗ್ಯಾಳ, ಹಸೀ ಹಂಗs ಹೊಳೀತಿತ್ತು. ಹೊಳೆಯುತ್ತಿತ್ತಂತೆ! ಥ್ಯಾಂಕ್ಸ್ ಗುರು. ಕಳುವಾದ ಮ್ಯಾಲ, ನೀವು ಬರೂತನಕ, ಆ ಅಂಗಳಕ್ಕ ಯಾರರ ಹೋದ್ರಾ, ನೀರ್ ಹಾಕಿದ್ರಾ? ಯಾರೂ ಇಲ್ರಿ, ಗೇಟ್ ಬಂದ್ ಮಾಡಸೀನಿ ಫೋನಿನಾಗs, ಒಂದು ಹುಳಾನೂ ಹೋಗಿಲ್ಲ. ಬೆರಳು ಟಪಟಪ ಓಡಿದವು, ನಿಂತವು. ಮುಗಿಯಿತು. ಮನೆ ಪೂರ್ತಿ ಕತ್ತಲು. ಇಡೀ ಕೋರ್ಟು ಅವನನ್ನೇ ನೋಡುತ್ತಿದೆ, ಸರಕಾರಿ ವಕೀಲರು ಪೆನ್ನು ಎತ್ತಿ ಕಾಯುತ್ತಿದ್ದಾರೆ, ಈಗ ಬರಬೇಕು ಡೈಲಾಗು, ಎದೆಯೊಳಗೆ ಡೋಲು ಬಡಿಯುತ್ತಿದೆ, ನಾಲಿಗೆಯ ಮೇಲೆ ಪೂರ್ತಿ ವಾಕ್ಯ ಬಂದು ಕೂತಿದೆ, ಹಾಗಾದರೆ ನಲವತ್ತಮೂರು ಡಿಗ್ರಿ ಬಿಸಿಲಿನಲ್ಲಿ ಅರ್ಧ ತಾಸು ಆ ಹೆಜ್ಜೆ ಆರಲಿಲ್ಲ ಯಾಕೆ ಸಂಗಮೇಶ್ವರ ಅವರೇ, ಮೇಜು ಗುದ್ದಬೇಕು, ಗೌನು ಹಿಂದಕ್ಕೆ ಎಸೆಯಬೇಕು, ಕಲ್ಲು ಸುಳ್ಳು ಹೇಳುವುದಿಲ್ಲ, ಇಪ್ಪತ್ತು ವರ್ಷದಿಂದ ಅವನ ಮೈಯೆಲ್ಲ ಈ ಒಂದು ಶಾಟಿಗೇ ಕಾದಿದೆ — ಸಂಗಮೇಶ್ವರ ಕಣ್ಣು ಕಿರಿದು ಮಾಡಿದ, ಆ ಪ್ರಶ್ನೆಗೇ ಕಾದವನ ಹಾಗೆ, ಕೇಳಿದರೆ ಸಾಕು, ನೀರಿನ ಹೌದು ಸೋರತಿತ್ತು ಅನ್ನುತ್ತಾನೆ, ನೆನಪಾತು ಅನ್ನುತ್ತಾನೆ — ಮೇಜಿನ ಕೆಳಗೆ ಸಾಹೇಬರ ಅಂಗೈ, ಗಾಳಿಯ ಮೇಲೆ, ಮೆಲ್ಲಗೆ. ಕಣ್ಣು ಇನ್ನೂ ತೆರೆದಿಲ್ಲ.

ದಟ್ಸ್ ಆಲ್ ಮೇಡಂ, ಅಂದು ಕೂತ. ಎಷ್ಟು ಸಪ್ಪೆ, ಇಷ್ಟು ಸಪ್ಪೆ ಕ್ಲೈಮ್ಯಾಕ್ಸಿಗೆ ಟಿಕೆಟ್ ದುಡ್ಡು ವಾಪಸು ಕೇಳುತ್ತಾರೆ ಮಂದಿ, ಕಟಕಟೆಯಿಂದ ದ್ರೌಪದಿ ಅವನ ಕಡೆ ನೋಡಿದಳು, ಅಷ್ಟೇನಾ ಅನ್ನುವ ಕಣ್ಣು, ಯಾಕ್ ಕುಂತ್ರಿ ವಕೀಲ್ರ, ಏನೂ ಕೇಳ್ಲೇ ಇಲ್ಲಲ್ರಿ, ಬಾಯಿ ತೆರೆಯದೆ ಅಂದಳು, ಆ ನೋಟ ಹೊತ್ತುಕೊಂಡು ಕೂರುವುದು ಮೇಜು ಗುದ್ದುವುದಕ್ಕಿಂತ ಭಾರ, ಯಾರೂ ಇದನ್ನು ಹೇಳಿರಲಿಲ್ಲ, ಸೇಡಂನವರೂ ಹೇಳಿರಲಿಲ್ಲ, ಚಂದಾಪುರದವರೂ ಹೇಳಿರಲಿಲ್ಲ. ಸರಕಾರಿ ವಕೀಲರು ಎದ್ದರು. ಈಗ ಅವರು ಒಂದು ಪ್ರಶ್ನೆ ಮರುಕೇಳಿದರೂ ಕಿಟಕಿ ತೆರೆಯುತ್ತದೆ, ಕಾಗದ ನೋಡಿದರು, ಸಂಗಮೇಶ್ವರನನ್ನು ನೋಡಿದರು, ಮೊದಲ ಸಲದ ಹುಡುಗ, ಏನೋ ಹೊತ್ತು ಕಳೆದ ಅನ್ನುವ ಹಾಗೆ ದಿಲೀಪನ ಕಡೆ ಚೂರು ನಕ್ಕರು, ನೋ ರೀ-ಎಕ್ಸಾಮಿನೇಷನ್, ಅಂದರು. ಮೈಯೊಳಗೆ ಏನೋ ಮೆಲ್ಲಗೆ ಎದ್ದು ನಿಂತಿತು, ಡೋಲಿಲ್ಲ, ಗಾಳಿಯಿಲ್ಲ, ಬರೀ ಬೆನ್ನು ನೆಟ್ಟಗಾಯಿತು, ಬೇರೆಯವರ ಕೋಟು ಒಂದು ಕ್ಷಣ ಅವನ ಅಳತೆಗೇ ಹೊಲಿದ ಹಾಗೆ. ಸಾಹೇಬರು ಕಣ್ಣು ತೆರೆದು, ಅವನ ಕಡೆ ನೋಡದೇ, ಮೀಸೆಯೊಳಗೆ, ಗಾಡಿ ನಿಂತದ, ಅಂದರು, ಜಿಂದಗಿಯಲ್ಲಿ ಯಾವ ಚಪ್ಪಾಳೆಯೂ ಇಷ್ಟು ಜೋರಾಗಿ ಕೇಳಿಸಿರಲಿಲ್ಲ.

ಆಗ ಬಾಗಿಲಲ್ಲಿ ನೀರಿನ ಸಪ್ಪಳ. ಬಂದೇಅಲಿ. ತಾಸಾಗಿದೆ, ಅವನ ಚೊಂಬು, ಅವನ ಹೊಸ್ತಿಲು, ದಿಲೀಪ ಹೇಳಿಕೊಟ್ಟದ್ದಲ್ಲ, ಅವ್ವನಾಣೆ ಅಲ್ಲ, ಸಾಹೇಬರು ಚಕ್ಕನೆ ತಿರುಗಿ ಅವನ ಮುಖ ನೋಡಿದರು, ಅವನು ಇಲ್ಲ ಅಂತ ತಲೆ ಅಲ್ಲಾಡಿಸಿದ. ಹೋಗಬಹುದು ಅಂದರು ಮೇಡಂ, ಸಂಗಮೇಶ್ವರ ಕೈ ಮುಗಿದು ಇಳಿದ, ಬಾಗಿಲವರೆಗೆ ಹೋದವನು ಕಟಕಟೆಯ ಕಟ್ಟಿಗೆಯ ಮೇಲೆ ಬಿಟ್ಟ ಮೊಬೈಲು ನೆನಪಾಗಿ, ಹಸಿ ಹೊಸ್ತಿಲು ತುಳಿದ ಕಾಲಿನಲ್ಲಿ ಬಿಸಿಲ ಪಟ್ಟಿ ದಾಟಿ ವಾಪಸು ಬಂದ, ಎತ್ತಿಕೊಂಡ, ಹೋದ. ಬಂದ ಹೆಜ್ಜೆಗಳು ಉಳಿದವು, ಬಾಗಿಲಿನಿಂದ ಒಳಗೆ, ಅಪ್ಪ ಕೈಯಾಡಿಸಿ ನಂದs ಅಂದ ಆ ಮೂಲೆಯ ಕಲ್ಲಿನ ಮೇಲೆ, ಹೊಳೆಯುತ್ತಿದ್ದವು. ಮುಂದಿನ ಕೇಸು ಕೂಗಲು ಬಾಯಿ ತೆರೆದ ಬೆಂಚ್ ಕ್ಲರ್ಕಿಗೆ ಮೇಡಂ ಬೆರಳು ಎತ್ತಿ ತಡಿ ಅಂದರು, ಅವರ ಕಣ್ಣು ನೆಲದ ಮೇಲಿದೆ, ಆಮೇಲೆ ಗೋಡೆಯ ಗಡಿಯಾರ, ಮತ್ತೆ ನೆಲ, ಸರಕಾರಿ ವಕೀಲರ ನಗು ಎಲ್ಲಿಯೋ ಬಿದ್ದುಹೋಗಿದೆ, ದ್ರೌಪದಿ ಕಟಕಟೆಯ ಕಟ್ಟಿಗೆ ಹಿಡಿದು ಮುಂದಕ್ಕೆ ಬಗ್ಗಿದ್ದಾಳೆ, ಅವಳಿಗೆ ಅರ್ಥವಾಯಿತು, ಒಂಬತ್ತು ವರ್ಷ ಕಲ್ಲು ತೊಳೆದವಳಿಗೆ ಅರ್ಥವಾಗದೇ ಇದ್ದೀತೇ, ಅವಳ ತುಟಿಯೂ ಎಣಿಸುತ್ತಿದೆ, ಪಾದದ ನಡುಭಾಗ ಹೋಯಿತು, ಕಿರುಬೆರಳು, ಅದರ ಪಕ್ಕದ್ದು, ಇಪ್ಪತ್ತೊಂಬತ್ತು, ಹಿಮ್ಮಡಿ ಕುಗ್ಗುತ್ತಾ ಕುಗ್ಗುತ್ತಾ, ಮೂವತ್ನಾಲ್ಕು, ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಮೂವತ್ತೇಳು, ಕಲ್ಲಿನ ಮೇಲೆ ಇನ್ನು ಹೆಬ್ಬೆರಳು ಒಂದೇ, ಕಪ್ಪಗೆ, ಮೂವತ್ತೆಂಟು, ಹೆಬ್ಬೆರಳು —